ಕಾಲೇಜು ತಂಡದ ಕೋಚ್ ಆಗಬೇಕು ಎನ್ನುವ ಮಕ್ಕಳಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ದೊಡ್ಡವನಾದ ಮೇಲೆ ಆಟಗಾರನಾಗುತ್ತೇನೆ ಎನ್ನುವ ಮಕ್ಕಳು ಪ್ರತಿ ಶಾಲೆಯಲ್ಲೂ ಸಿಗುತ್ತಾರೆ. ಕೋಚ್ ಆಗುತ್ತೇನೆ, ಅದರಲ್ಲೂ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗುತ್ತೇನೆ ಎನ್ನುವವರು ಅಪರೂಪ. ಇವತ್ತಿನ ನನ್ನ ಮಾತು ಆ ಅಪರೂಪದವರಿಗೆ. ನಿಮಗೀಗ ಹದಿನೈದೋ ಹದಿನಾರೋ ವರ್ಷ ಇರಬಹುದು. ಪದವಿ ಮುಗಿಯಲಿ, ಡಿಪ್ಲೊಮಾ ಆಗಲಿ, ಆಮೇಲೆ ಕಲಿಸಲು ಶುರು ಮಾಡಿದರಾಯಿತು ಎಂದು ಅಂದುಕೊಂಡಿದ್ದರೆ, ಹಾಗೆ ಕಾಯಬೇಡಿ ಎಂದು ಹೇಳುವುದಕ್ಕೇ ಬಂದಿದ್ದೇನೆ. ಕೋಚ್ ಕೆಲಸ ಅಂದರೆ ಕಲಿಸುವ ಕೆಲಸ. ಅದು ಕಲಿಸಿ ಕಲಿಸಿಯೇ ಬರಬೇಕು. ನಿಮಗಿಂತ ಚಿಕ್ಕ ಮಕ್ಕಳನ್ನು ಜೊತೆಗಿಟ್ಟುಕೊಂಡು ಈ ವರ್ಷವೇ ಕೈ ಹಚ್ಚಬಹುದು.

"ಸರ್, ನಾನು ಅಷ್ಟೇನೂ ಚೆನ್ನಾಗಿ ಆಡಲ್ಲ, ನನ್ನ ಮಾತು ಯಾರು ಕೇಳ್ತಾರೆ?" ಎಂಬ ಅಳುಕು ಹಲವರಿಗಿರುತ್ತದೆ. ಕಾಲೇಜು ಬ್ಯಾಸ್ಕೆಟ್‌ಬಾಲ್ ಒಂದು ದೊಡ್ಡ ವೃತ್ತಿಯಾಗಿ ಬೆಳೆದಿರುವ ಅಮೆರಿಕದ ಕಡೆ ನೋಡಿ. ಬ್ರಾಡ್ ಸ್ಟೀವನ್ಸ್ ಎಂಬುವವರು ಇಂಡಿಯಾನಾ ರಾಜ್ಯದ ಡಿಪಾವ್ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ ಆಡಿದವರು. ಓದು ಮುಗಿಸಿ ಒಂದು ದೊಡ್ಡ ಔಷಧ ಕಂಪನಿಯಲ್ಲಿ ಕೆಲಸಕ್ಕಿದ್ದರು. 2000ದಲ್ಲಿ ಆ ಕೆಲಸ ಬಿಟ್ಟು ಬಟ್ಲರ್ ವಿಶ್ವವಿದ್ಯಾಲಯದ ತಂಡಕ್ಕೆ ಸ್ವಯಂಸೇವಕರಾಗಿ ಹೋದರು. 2007ರಲ್ಲಿ, ಮೂವತ್ತರ ವಯಸ್ಸಿಗೆ, ಅದೇ ತಂಡದ ಮುಖ್ಯ ಕೋಚ್ ಆದರು. 2010 ಮತ್ತು 2011, ಎರಡು ವರ್ಷ ಬೆನ್ನುಬೆನ್ನಿಗೆ ಆ ಪುಟ್ಟ ವಿಶ್ವವಿದ್ಯಾಲಯವನ್ನು ರಾಷ್ಟ್ರೀಯ ಫೈನಲ್‌ಗೆ ತಂದು ನಿಲ್ಲಿಸಿದರು. ಫ್ರಾಂಕ್ ವೋಗೆಲ್ ಎಂಬ ಇನ್ನೊಬ್ಬರು ಕೆಂಟಕಿ ವಿಶ್ವವಿದ್ಯಾಲಯದ ತಂಡದಲ್ಲಿ ವಿದ್ಯಾರ್ಥಿ ಮ್ಯಾನೇಜರ್ ಆಗಿದ್ದವರು. ತಂಡದ ಬೆನ್ನ ಹಿಂದೆ ನಿಂತು ಸಣ್ಣಪುಟ್ಟ ಕೆಲಸಗಳನ್ನೆಲ್ಲ ಮಾಡಿಕೊಡುವ ಜಾಗ ಅದು. 2020ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎ ಗೆದ್ದಾಗ ಕೋಚ್ ಆಗಿದ್ದವರು ಅವರೇ. ಆದ್ದರಿಂದ ತಂಡದ ಹನ್ನೆರಡನೆಯ ಆಟಗಾರ ನೀವಾಗಿದ್ದರೂ ಕುಗ್ಗಬೇಡಿ. ಬೆಂಚಿನ ಮೇಲೆ ಕೂತವರಿಗೆ ಆಟ ಇಡಿಯಾಗಿ ಕಾಣುತ್ತದೆ. ಚೆಂಡು ಒಬ್ಬರ ಕೈಯಲ್ಲಿರುತ್ತದೆ, ಉಳಿದ ಒಂಬತ್ತು ಜನ ಏನು ಮಾಡುತ್ತಿದ್ದಾರೆ ನೋಡಿ. ಯಾರು ಓಡುವುದನ್ನು ನಿಲ್ಲಿಸಿದರು, ಯಾರು ತಮ್ಮ ಎದುರಾಳಿಯನ್ನು ಮರೆತು ಚೆಂಡನ್ನೇ ದಿಟ್ಟಿಸುತ್ತಿದ್ದಾರೆ ಎಂಬುದು ಆಗ ಗೊತ್ತಾಗುತ್ತದೆ.

ಹಾಗಂತ ಆಡುವುದನ್ನು ಬಿಡಬೇಡಿ. ನಮ್ಮಲ್ಲಿ ಅದಕ್ಕೆ ಬೇರೆಯದೇ ಕಾರಣವಿದೆ, ಮುಂದೆ ಹೇಳುತ್ತೇನೆ.

ಕಲಿಸುವುದು ಅಂದರೆ ಏನು ಎಂಬುದನ್ನು ಒಂದೇ ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡೋಣ. ಆರನೇ ತರಗತಿಯ ಒಬ್ಬ ಹುಡುಗಿಗೆ ಲೇ-ಅಪ್, ಅಂದರೆ ಓಡಿ ಬಂದು ರಿಂಗ್ ಹತ್ತಿರ ನೆಗೆದು ಚೆಂಡು ಹಾಕುವುದನ್ನು, ಹೇಳಿಕೊಡಬೇಕು. ಬಲಗೈ ಆಟಗಾರ್ತಿಯಾದರೆ ಬಲಗಾಲು, ಎಡಗಾಲು, ಎಡಗಾಲಿನಿಂದ ಮೇಲಕ್ಕೆ ನೆಗೆತ, ಬಲಮಂಡಿ ಎತ್ತಿ, ಹಲಗೆಯ ಮೇಲಿನ ಚೌಕದ ಬಲ ಮೂಲೆಗೆ ಚೆಂಡು. ಹೇಳುವುದಕ್ಕೆ ಇಷ್ಟೇ. ಆದರೆ ಆ ಹುಡುಗಿ ದೂರದಿಂದ ಡ್ರಿಬಲ್ ಮಾಡಿಕೊಂಡು, ಅಂದರೆ ಚೆಂಡು ಪುಟಿಸುತ್ತಾ, ಬಂದು ರಿಂಗ್ ಹತ್ತಿರ ತಬ್ಬಿಬ್ಬಾಗುತ್ತಾಳೆ. ಮೂರು ಹೆಜ್ಜೆ ಇಡುತ್ತಾಳೆ, ಇಲ್ಲವೇ ಬಲಗಾಲಿನಿಂದಲೇ ನೆಗೆಯುತ್ತಾಳೆ. ಅಂಚಿನಲ್ಲಿ ನಿಂತವರು "ಕಾಲು ತಪ್ಪು, ಕಾಲು ತಪ್ಪು" ಎಂದು ಕೂಗುತ್ತಾರೆ. ತಪ್ಪಾಗಿದೆ ಅನ್ನುವುದು ಅವಳಿಗೂ ಗೊತ್ತು. ಸರಿ ಮಾಡುವುದು ಹೇಗೆ ಎಂಬುದು ಮಾತ್ರ ಗೊತ್ತಿಲ್ಲ.

ಕೋಚ್ ಆಗುವವರು ಇಲ್ಲಿ ಕೆಲಸವನ್ನು ತುದಿಯಿಂದ ಬುಡಕ್ಕೆ ತಿರುಗಿಸುತ್ತಾರೆ. ಚೆಂಡನ್ನು ಮೊದಲು ಪಕ್ಕಕ್ಕಿಡಿ. ರಿಂಗ್‌ನ ಬಲಬದಿಯಲ್ಲಿ, ಒಂದು ಹೆಜ್ಜೆ ದೂರದಲ್ಲಿ, ಎಡಗಾಲು ಮುಂದಿಟ್ಟು ಅವಳನ್ನು ನಿಲ್ಲಿಸಿ. ನೆಗೆದು, ಬಲಗೈ ಚಾಚಿ ನೆಲಕ್ಕಿಳಿಯಲಿ. ಅಷ್ಟೇ. ಅದು ಸಲೀಸಾದ ಮೇಲೆ ಚೆಂಡು ಕೊಡಿ. ಅದೂ ಸಲೀಸಾದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ತನ್ನಿ. ಸಿಮೆಂಟ್ ಕೋರ್ಟ್ ಇದ್ದರೆ ಸೀಮೆಸುಣ್ಣದಲ್ಲಿ ಎರಡು ವೃತ್ತ ಬರೆಯಿರಿ, ಬಲಗಾಲಿಗೊಂದು, ಎಡಗಾಲಿಗೊಂದು. ಆಮೇಲೆ ಒಂದೇ ಒಂದು ಡ್ರಿಬಲ್. ಓಡಿ ಬರುವುದು ಎಲ್ಲಕ್ಕಿಂತ ಕೊನೆಗೆ. ಚೆಂಡಿನ ಅಳತೆಯನ್ನೂ ನೋಡಿ. ದೊಡ್ಡ ಹುಡುಗರು ಆಡುವ ಏಳನೇ ನಂಬರ್ ಚೆಂಡನ್ನು ಹನ್ನೊಂದು ವರ್ಷದ ಮಗುವಿನ ಕೈಗೆ ಕೊಟ್ಟರೆ, ಅವಳು ಹೊಟ್ಟೆಯ ಹತ್ತಿರದಿಂದ ಎರಡೂ ಕೈಯಲ್ಲಿ ಎತ್ತಿ ಎಸೆಯುವುದನ್ನೇ ರೂಢಿ ಮಾಡಿಕೊಳ್ಳುತ್ತಾಳೆ. ಐದನೇ ನಂಬರ್ ಚೆಂಡು ಇರುವುದು ಆ ವಯಸ್ಸಿನವರಿಗೇ. ಒಂದು ಮಗುವಿಗೆ ಒಂದು ಲೇ-ಅಪ್ಪನ್ನು ಹೀಗೆ ತಾಳ್ಮೆಯಿಂದ ಕಲಿಸಿ ನೋಡಿ. ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ನಿಮ್ಮ ಮನಸ್ಸೇ ಹೇಳುತ್ತದೆ.

ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ 1964ರಿಂದ 1975ರ ನಡುವೆ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ಜಾನ್ ವುಡನ್, ಮೂಲತಃ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಷ್ಟ್ರು. ಅವರ ಕೊನೆಯ ಋತುವಿನಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ಹೊತ್ತಿನಲ್ಲಿ ಕೂತು, ಅವರಾಡಿದ ಮಾತುಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡರು. ಲೆಕ್ಕಕ್ಕೆ ಸಿಕ್ಕಿದ್ದು 2326. ಅದರಲ್ಲಿ ಹೊಗಳಿಕೆ ನೂರಕ್ಕೆ ಏಳರಷ್ಟೂ ಇರಲಿಲ್ಲ, ಬರಿಯ ಅಸಮಾಧಾನವೂ ಅಷ್ಟೇ ಕಡಿಮೆ. ಮುಕ್ಕಾಲು ಪಾಲು ಮಾತು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ವಿವರ. ಈ ಲೆಕ್ಕವನ್ನು ನಮ್ಮ ಮೈದಾನಗಳಲ್ಲಿ ಎಲ್ಲರೂ ಗಮನಿಸಬೇಕು ಎಂಬುದು ನನ್ನ ಆಸೆ. ಗದರಿದರೆ ಶಿಸ್ತು ಬರುತ್ತದೆ, ಕೋರ್ಟ್ ಸುತ್ತ ಹತ್ತು ಸುತ್ತು ಓಡಿಸಿದರೆ ಬುದ್ಧಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಹತ್ತು ಸುತ್ತು ಓಡಿದ ಹುಡುಗನಿಗೆ ಸುಸ್ತಾಗುತ್ತದೆ. ತನ್ನ ಪಾಸ್ ಯಾಕೆ ಎದುರಾಳಿಯ ಕೈಗೆ ಹೋಯಿತು ಎಂಬುದು ಅವನಿಗೆ ಆಗಲೂ ತಿಳಿದಿರುವುದಿಲ್ಲ. ಮಕ್ಕಳ ಮೇಲೆ ಕೈ ಮಾಡುವುದು, ಎಲ್ಲರೆದುರು ಅವಮಾನಿಸುವುದು ನೀವು ಕೋಚ್ ಆಗುವ ಕಾಲಕ್ಕಾದರೂ ಪೂರ್ತಿ ನಿಲ್ಲಬೇಕು.

ವುಡನ್ ಅವರಿಂದ ಕಲಿಯಬೇಕಾದ ಇನ್ನೊಂದು ಅಭ್ಯಾಸ, ತಯಾರಿ. ಎರಡು ಗಂಟೆಯ ಅಭ್ಯಾಸಕ್ಕೆ ಅವರು ಸಹಾಯಕರ ಜೊತೆ ಕೂತು ಹೆಚ್ಚುಕಡಿಮೆ ಅಷ್ಟೇ ಹೊತ್ತು ಯೋಜನೆ ಹಾಕುತ್ತಿದ್ದರು. ಯಾವ ನಿಮಿಷಕ್ಕೆ ಏನು ಎಂದು ಸಣ್ಣ ಕಾರ್ಡಿನ ಮೇಲೆ ಬರೆದುಕೊಂಡು ಕೋರ್ಟಿಗೆ ಇಳಿಯುತ್ತಿದ್ದರು. ಋತುವಿನ ಮೊದಲ ದಿನ ಆಟಗಾರರಿಗೆ ಕಾಲುಚೀಲ ಹಾಕಿಕೊಳ್ಳುವ ಕ್ರಮವನ್ನು ತಾವೇ ಹೇಳಿಕೊಡುತ್ತಿದ್ದರು. ಕಾಲುಚೀಲ ಸುಕ್ಕಾದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಪಂದ್ಯ ತಪ್ಪುತ್ತದೆ. ನಿಮ್ಮ ಹತ್ತಿರ ಒಂದು ನೋಟ್‌ಬುಕ್ ಇರಲಿ. ಇವತ್ತಿನ ಅಭ್ಯಾಸದಲ್ಲಿ ನಿಮ್ಮ ಕೋಚ್ ಯಾವ ಕ್ರಮದಲ್ಲಿ ಏನು ಮಾಡಿಸಿದರು, ಯಾವುದಕ್ಕೆ ಎಷ್ಟು ಹೊತ್ತು ಹೋಯಿತು, ಎಷ್ಟು ಮಕ್ಕಳು ಸಾಲಿನಲ್ಲಿ ಸುಮ್ಮನೆ ನಿಂತಿದ್ದರು ಎಂದು ಬರೆಯಿರಿ. ಆ ಕೊನೆಯದು ತುಂಬ ಮುಖ್ಯ. ಇಪ್ಪತ್ತು ಮಕ್ಕಳಿಗೆ ಎರಡು ಚೆಂಡು ಇರುವ ಶಾಲೆಗಳೇ ನಮ್ಮಲ್ಲಿ ಹೆಚ್ಚು. ಅಲ್ಲಿ ಹದಿನೆಂಟು ಮಕ್ಕಳಿಗೆ ಚೆಂಡಿಲ್ಲದೆ ಏನು ಕಲಿಸಬಹುದು ಎಂದು ಯೋಚಿಸುವವರೇ ಒಳ್ಳೆಯ ಕೋಚ್ ಆಗುತ್ತಾರೆ. ಡಿಫೆನ್ಸಿನಲ್ಲಿ ಕಾಲಿನ ಚಲನೆ, ಒಂದು ಕಾಲು ಊರಿ ತಿರುಗುವ ಪಿವಟ್, ರಿಂಗ್ ಹತ್ತಿರ ಎದುರಾಳಿಯನ್ನು ಬೆನ್ನಿನಿಂದ ತಡೆಯುವ ಬಾಕ್ಸ್‌ಔಟ್, ಇವಕ್ಕೆ ಚೆಂಡು ಬೇಕಾಗಿಲ್ಲ.

ಇನ್ನು ಸ್ಕೋರರ್ ಟೇಬಲ್, ಅಂದರೆ ಪಂದ್ಯದ ಲೆಕ್ಕ ಬರೆಯುವ ಮೇಜು. ನಿಮ್ಮೂರಿನ ಟೂರ್ನಮೆಂಟಿನಲ್ಲಿ ಆ ಮೇಜಿನ ಹತ್ತಿರ ಕೂರಲು ಜನ ಸಿಗುವುದೇ ಕಷ್ಟ. ನೀವು ಹೋಗಿ ಕೂತುಕೊಳ್ಳಿ. ಸ್ಕೋರ್‌ಶೀಟ್ ಬರೆಯಲು ಕಲಿಯಿರಿ. ಎರಡು ಪಾಯಿಂಟಿಗೆ ಓರೆಗೆರೆ, ಫ್ರೀ ಥ್ರೋಗೆ, ಅಂದರೆ ಫೌಲಾದಾಗ ಸಿಗುವ ಅಡ್ಡಿಯಿಲ್ಲದ ಎಸೆತಕ್ಕೆ, ತುಂಬಿದ ಚುಕ್ಕೆ, ಮೂರು ಪಾಯಿಂಟಾದರೆ ಆಟಗಾರನ ನಂಬರಿಗೊಂದು ಸುತ್ತು. ಒಬ್ಬನಿಗೆ ಐದು ಫೌಲಾದರೆ ಅವನು ಹೊರಗೆ. ಕ್ವಾರ್ಟರಿನಲ್ಲಿ ತಂಡದ ಐದನೇ ಫೌಲಿನಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಪಂದ್ಯ ಮುಗಿದ ಮೇಲೆ ಆ ಹಾಳೆಯನ್ನು ಓದಿ. ಮೂರನೇ ಕ್ವಾರ್ಟರಿನಲ್ಲಿ ನಿಮ್ಮ ತಂಡಕ್ಕೆ ಬಾಸ್ಕೆಟ್ ಆಗಿರುವುದೇ ಕಡಿಮೆ, ಅದೇ ಕ್ವಾರ್ಟರಿನಲ್ಲಿ ಆಟ ನಡೆಸುವ ಪಾಯಿಂಟ್ ಗಾರ್ಡ್‌ಗೆ ನಾಲ್ಕನೇ ಫೌಲ್ ಬಿದ್ದಿದೆ. ಸೋಲು ಶುರುವಾದ ಜಾಗ ಅಲ್ಲಿ ಸಿಗುತ್ತದೆ. ಮುಂದೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಹೆಸರಾಂತ ಕೋಚ್ ಆದ ಡೀನ್ ಸ್ಮಿತ್ 1950ರ ದಶಕದಲ್ಲಿ, ಇನ್ನೂ ಸಹಾಯಕ ಕೋಚ್ ಆಗಿದ್ದಾಗಲೇ, ತಂಡ ಎಷ್ಟು ಪಾಯಿಂಟ್ ಮಾಡಿತು ಎನ್ನುವುದಕ್ಕಿಂತ ಚೆಂಡು ಕೈಗೆ ಬಂದ ಪ್ರತಿ ಸಲಕ್ಕೆ ಎಷ್ಟು ಮಾಡಿತು ಎಂದು ಲೆಕ್ಕ ಹಾಕುತ್ತಿದ್ದರು. ಎಂಬತ್ತು ಸಲ ಚೆಂಡು ಸಿಕ್ಕಿ 62 ಪಾಯಿಂಟ್ ಮಾಡಿದ ತಂಡಕ್ಕೂ, ಅರವತ್ತೈದು ಸಲ ಸಿಕ್ಕಿ ಅಷ್ಟೇ ಮಾಡಿದ ತಂಡಕ್ಕೂ ಬಹಳ ವ್ಯತ್ಯಾಸವಿದೆ. ಈ ಲೆಕ್ಕಕ್ಕೆ ಪೆನ್ಸಿಲ್ ಮತ್ತು ಹಾಳೆ ಸಾಕು.

ಈಗ ನಮ್ಮ ನೆಲದ ವಾಸ್ತವ. ಅಮೆರಿಕದಂತೆ ಕಾಲೇಜಿಗೊಬ್ಬ ಬ್ಯಾಸ್ಕೆಟ್‌ಬಾಲ್ ಕೋಚ್ ಎಂಬ ಹುದ್ದೆ ನಮ್ಮ ಸಾಮಾನ್ಯ ಕಾಲೇಜುಗಳಲ್ಲಿ ಇಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕ, ಮಕ್ಕಳ ಬಾಯಲ್ಲಿ ಪಿ.ಡಿ. ಸರ್ ಅಥವಾ ಪಿ.ಡಿ. ಮೇಡಂ. ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್, ಬ್ಯಾಸ್ಕೆಟ್‌ಬಾಲ್, ಎಲ್ಲವೂ ಅವರ ಹೆಗಲಿಗೆ. ಆ ಹುದ್ದೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮಗಳ ಪ್ರಕಾರ ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಶೇಕಡಾ 55 ಅಂಕ, ಜೊತೆಗೆ ರಾಷ್ಟ್ರ ಮಟ್ಟದ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್‌ನಂಥ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ, ರಾಜ್ಯ ಅಥವಾ ರಾಷ್ಟ್ರ ಮಟ್ಟದಲ್ಲಿ ಆಡಿದ ದಾಖಲೆಯೂ ಬೇಕು. ಆಡುವುದನ್ನು ಬಿಡಬೇಡಿ ಎಂದದ್ದು ಇದಕ್ಕೇ. ನಿಮ್ಮ ಪ್ರತಿಯೊಂದು ಸರ್ಟಿಫಿಕೇಟನ್ನೂ ಒಂದು ಫೈಲಿನಲ್ಲಿ ಜೋಪಾನವಾಗಿಡಿ. ದೇಹದಾರ್ಢ್ಯ ಪರೀಕ್ಷೆಯೂ ಉಂಟು. ಮೂವತ್ತು ವರ್ಷದೊಳಗಿನ ಗಂಡಸರು ಹನ್ನೆರಡು ನಿಮಿಷದಲ್ಲಿ 1800 ಮೀಟರ್, ಹೆಂಗಸರು ಎಂಟು ನಿಮಿಷದಲ್ಲಿ 1000 ಮೀಟರ್ ಓಡಬೇಕು ಅಥವಾ ನಡೆಯಬೇಕು.

ಇನ್ನೊಂದು ದಾರಿ ಪಂಜಾಬಿನ ಪಟಿಯಾಲದಲ್ಲಿರುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಎನ್‌ಐಎಸ್. 1961ರಲ್ಲಿ ಶುರುವಾದ ಈ ಸಂಸ್ಥೆ ಕೋಚಿಂಗ್ ಡಿಪ್ಲೊಮಾ ಕೊಡುತ್ತದೆ. ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ. ಕ್ರೀಡಾ ಇಲಾಖೆ, ಕ್ಲಬ್, ಅಕಾಡೆಮಿ, ದೊಡ್ಡ ತಂಡ ಕಟ್ಟುವ ಖಾಸಗಿ ವಿಶ್ವವಿದ್ಯಾಲಯ, ಇವರೆಲ್ಲ ನೋಡುವುದು ಈ ಅರ್ಹತೆಯನ್ನು. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಕಾಲೇಜು ಕ್ರೀಡೆಗೆ ಹೀಗೆ ಮಹತ್ವ ಬರುತ್ತಿದ್ದಂತೆ ಒಂದೇ ಆಟಕ್ಕೆ ಮೀಸಲಾದ ಕೋಚ್‌ಗಳ ಅಗತ್ಯವೂ ಹೆಚ್ಚುತ್ತದೆ ಎಂಬುದು ನನ್ನ ನಂಬಿಕೆ. ಆದರೂ ಅಪ್ಪ ಅಮ್ಮನಿಗೆ ನಿಜ ಹೇಳಿ. ಮೊದಲ ಕೆಲವು ವರ್ಷ ಗೌರವಧನದಲ್ಲೇ ದುಡಿಯಬೇಕಾಗಬಹುದು. ಓದಿನಲ್ಲಿ ಹಿಂದೆ ಬಿದ್ದರೆ ಈ ದಾರಿ ಇನ್ನೂ ಕಿರಿದಾಗುತ್ತದೆ. ಪಿಯುಸಿಯಲ್ಲಿ ಯಾವ ವಿಭಾಗವಾದರೂ ಸರಿ, ಓದು ಗಟ್ಟಿಯಾಗಿರಲಿ.

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಪ್ಯಾಟ್ ಸಮಿಟ್ 1974ರಲ್ಲಿ ಟೆನೆಸ್ಸೀ ವಿಶ್ವವಿದ್ಯಾಲಯದ ಮಹಿಳಾ ತಂಡದ ಮುಖ್ಯ ಕೋಚ್ ಆದಾಗ ವಯಸ್ಸು ಇಪ್ಪತ್ತೆರಡು. ಆಟಗಾರ್ತಿಯರ ಸಮವಸ್ತ್ರ ಒಗೆದದ್ದೂ ಅವರೇ, ಪಂದ್ಯಕ್ಕೆ ವ್ಯಾನ್ ಓಡಿಸಿಕೊಂಡು ಹೋದದ್ದೂ ಅವರೇ. ಎರಡು ವರ್ಷದ ನಂತರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಟಗಾರ್ತಿಯಾಗಿ ಬೆಳ್ಳಿ ಗೆದ್ದರು. 2012ರಲ್ಲಿ ನಿವೃತ್ತರಾಗುವ ಹೊತ್ತಿಗೆ 1098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅವರ ಕೈಕೆಳಗೆ ಕಾಲೇಜು ಆಟದ ಅವಧಿ ಪೂರ್ತಿ ಮಾಡಿದ ಎಲ್ಲ ಆಟಗಾರ್ತಿಯರೂ ಪದವಿ ಪಡೆದರು ಎಂಬುದು. ನಮ್ಮ ಹುಡುಗಿಯರ ತಂಡಗಳ ಪಕ್ಕದಲ್ಲಿ ಒಬ್ಬ ಮಹಿಳಾ ಕೋಚ್ ನಿಂತಿದ್ದರೆ ಮನೆಯವರು ಎಷ್ಟು ಧೈರ್ಯವಾಗಿ ಕಳಿಸುತ್ತಾರೆ ಎಂಬುದು ಈ ಕೆಲಸದಲ್ಲಿರುವ ನಮಗೆಲ್ಲ ಗೊತ್ತು. ಅಂಥವರು ನಮಗಿನ್ನೂ ಬಹಳ ಮಂದಿ ಬೇಕು.

ಏಪ್ರಿಲ್ ಮೇ ತಿಂಗಳಲ್ಲಿ ಹಲವು ಊರುಗಳಲ್ಲಿ ಬೇಸಿಗೆ ಶಿಬಿರ ನಡೆಯುತ್ತದೆ. ಮಕ್ಕಳು ತುಂಬಿ ತುಳುಕುತ್ತಾರೆ, ಹೇಳಿಕೊಡುವ ಕೈಗಳು ಸಾಲುವುದಿಲ್ಲ. ಶಿಬಿರ ಶುರುವಾಗುವ ಮೊದಲೇ ಅಲ್ಲಿನ ಕೋಚ್ ಹತ್ತಿರ ಹೋಗಿ, "ಸರ್, ಚಿಕ್ಕ ಮಕ್ಕಳ ಗುಂಪಿಗೆ ಸಹಾಯ ಮಾಡ್ತೀನಿ, ದುಡ್ಡು ಬೇಡ" ಎಂದು ಕೇಳಿ. ಒಪ್ಪಿದರೆ ಮೊದಲ ದಿನವೇ ಎಲ್ಲ ಮಕ್ಕಳ ಹೆಸರು ಬರೆದುಕೊಳ್ಳಿ, ಎರಡನೇ ದಿನದಿಂದ ಹೆಸರು ಹಿಡಿದೇ ಕರೆಯಿರಿ. ನಮಸ್ಕಾರ.