ಎಪ್ಪತ್ತೆರಡರಲ್ಲಿ ಹಿಡಿದ ಕತ್ತರಿ

ಎಲ್ಲರಿಗೂ ನಮಸ್ಕಾರ.

ಇಳಿವಯಸ್ಸಿನ ಆತ್ಮವಿಶ್ವಾಸದ ಬಗ್ಗೆ ಮಾತನಾಡಬೇಕು ಎಂದಾಗ ನನ್ನ ಕಣ್ಣೆದುರು ಬಂದದ್ದು ಒಂದು ಪುಟ್ಟ ಕತ್ತರಿ, ಕಪ್ಪು ಬಣ್ಣ ಬಳಿದ ಒಂದು ಹಾಳೆ, ಅದರ ಮುಂದೆ ಕುಳಿತ ಒಬ್ಬ ಹೆಂಗಸು. ಹೆಸರು ಮೇರಿ ಡೆಲಾನಿ, ದೇಶ ಇಂಗ್ಲೆಂಡ್, ಕಾಲ 1772. ಆಗ ಆಕೆಗೆ 72 ವರ್ಷ.

ಮೊದಲು ಆಕೆಯ ಬದುಕನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹದಿನೇಳು ವರ್ಷದ ಹುಡುಗಿಯನ್ನು ಮನೆಯವರು ಅರವತ್ತರ ಆಸುಪಾಸಿನ ಗಂಡಿಗೆ ಕೊಟ್ಟು ಮದುವೆ ಮಾಡಿದರು. ಇಪ್ಪತ್ತೈದರ ಹೊತ್ತಿಗೆ ಗಂಡ ತೀರಿಕೊಂಡ. ಅವನ ಆಸ್ತಿಯೂ ಎಣಿಸಿದಷ್ಟು ಕೈಗೆ ಬರಲಿಲ್ಲ. ಹದಿನೆಂಟು ವರ್ಷ ಒಂಟಿಯಾಗಿದ್ದು, 1743ರಲ್ಲಿ, ಮನೆಯವರ ಅಸಮಾಧಾನಕ್ಕೆ ಬಗ್ಗದೆ, ಪ್ಯಾಟ್ರಿಕ್ ಡೆಲಾನಿ ಎಂಬ ಐರಿಷ್ ಪಾದ್ರಿಯನ್ನು ಮದುವೆಯಾದರು. ಇಪ್ಪತ್ತೈದು ವರ್ಷಗಳ ಆ ದಾಂಪತ್ಯ 1768ರಲ್ಲಿ ಅವರ ಸಾವಿನೊಂದಿಗೆ ಮುಗಿಯಿತು.

ಅರವತ್ತೆಂಟರಲ್ಲಿ ಎರಡನೆಯ ಬಾರಿ ಒಂಟಿಯಾದ ಹೆಂಗಸಿನಿಂದ ಲೋಕ ಏನನ್ನು ನಿರೀಕ್ಷಿಸುತ್ತದೆ? ಹೊತ್ತಿಗೆ ಸರಿಯಾಗಿ ಉಣ್ಣಲಿ, ದೇವರ ಧ್ಯಾನ ಮಾಡಲಿ, ಯಾರಿಗೂ ಭಾರವಾಗದಿರಲಿ. ‘ಸಾಕು, ಇನ್ನು ವಿಶ್ರಾಂತಿ ತಗೊಳ್ಳಿ’ ಎಂಬ ಮಾತಿನಲ್ಲಿ ಪ್ರೀತಿ ಇದ್ದೀತು. ಆದರೆ ಬಾಗಿಲು ಹಾಕಿ ಚಿಲಕ ಜಡಿಯುವ ಸದ್ದೂ ಅದರಲ್ಲಿ ನನಗೆ ಕೇಳಿಸುತ್ತದೆ. ಆ ಮಾತನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಡೆಲಾನಿ ತಮ್ಮ ಗೆಳತಿ, ಪೋರ್ಟ್‌ಲ್ಯಾಂಡಿನ ಡಚೆಸ್, ಅಂದರೆ ಅಲ್ಲಿನ ಡ್ಯೂಕ್ ಪದವಿಯ ಸಿರಿವಂತ ಮನೆತನದ ಒಡತಿ, ಅವರ ಬುಲ್‌ಸ್ಟ್ರೋಡ್ ಎಂಬ ಮನೆಯಲ್ಲಿ ಹೋಗಿ ಇರುತ್ತಿದ್ದರು. ಒಂದು ದಿನ ಜೆರೇನಿಯಂ ಹೂವಿನ ಎಸಳಿನ ಬಣ್ಣಕ್ಕೂ ಅಲ್ಲೇ ಬಿದ್ದಿದ್ದ ಕೆಂಪು ಕಾಗದದ ಬಣ್ಣಕ್ಕೂ ಹೊಂದಿಕೆ ಕಂಡಿತಂತೆ. ಕತ್ತರಿ ತೆಗೆದುಕೊಂಡು ಕಾಗದವನ್ನು ಎಸಳಿನ ಆಕಾರಕ್ಕೆ ಕತ್ತರಿಸಿದರು. ಒಳಗೆ ಬಂದ ಡಚೆಸ್ ಅದನ್ನು ನಿಜವಾದ ಹೂವೆಂದೇ ತಿಳಿದರಂತೆ. ಹೂಗಳನ್ನು ಅನುಕರಿಸುವ ಹೊಸ ವಿಧಾನವೊಂದನ್ನು ಕಂಡುಹಿಡಿದಿದ್ದೇನೆ ಎಂದು ಡೆಲಾನಿ ಅದೇ ವರ್ಷ ತಂಗಿಯ ಮಗಳಿಗೆ ಕಾಗದ ಬರೆದರು.

ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎದುರಿಗೆ ಜೀವಂತ ಗಿಡ. ಕಪ್ಪು ಹಾಳೆಯ ಮೇಲೆ ಎಸಳು, ಎಲೆ, ಎಲೆಯ ನರ, ಕೇಸರದ ಎಳೆ, ಎಲ್ಲವೂ ಬೇರೆ ಬೇರೆ ಬಣ್ಣದ ಕಾಗದದ ಚೂರುಗಳು. ನೆರಳು ಬೇಕಾದಲ್ಲಿ ಚೂರಿನ ಮೇಲೆ ಚೂರು. ಒಂದು ಪ್ಯಾಷನ್ ಹೂವಿಗೆ ಇನ್ನೂರಕ್ಕೂ ಹೆಚ್ಚು ಚೂರುಗಳು ಹಿಡಿದಿವೆ. ಕೆಲವು ಕೂದಲಿನಷ್ಟು ಸಣ್ಣ. ಉಸಿರು ಬಿಟ್ಟರೆ ಹಾರಿಹೋಗುವಂಥವನ್ನು ಎಪ್ಪತ್ತು ದಾಟಿದ ಬೆರಳುಗಳು ಅಂಟಿಸಿದವು. ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಕೂಡ ಅವುಗಳ ನಿಖರತೆಯನ್ನು ಮೆಚ್ಚಿದ್ದರು.

ಹಾಗಾದರೆ ಆ ಧೈರ್ಯ ಎಪ್ಪತ್ತೆರಡರಲ್ಲಿ ಒಮ್ಮೆಲೇ ಎಲ್ಲಿಂದ ಬಂತು? ಒಮ್ಮೆಲೇ ಬಂದದ್ದಲ್ಲ ಎನ್ನುವುದೇ ನಾನು ಹೇಳಬೇಕಾಗಿರುವ ಮಾತು. ಎಳವೆಯಿಂದಲೂ ಆಕೆಯ ಕೈಗೆ ಕತ್ತರಿ ಗೊತ್ತಿತ್ತು. ಬಟ್ಟೆಯ ಮೇಲೆ ಹೂ ಕಸೂತಿ ಹಾಕಿದ್ದರು, ಚಿಪ್ಪುಗಳಿಂದ ಅಲಂಕಾರ ಮಾಡಿದ್ದರು, ಚಿತ್ರ ಬರೆದಿದ್ದರು, ತೋಟ ಬೆಳೆಸಿದ್ದರು. ಜನ ಅದನ್ನೆಲ್ಲ ಹೆಂಗಸರ ಹೊತ್ತು ಕಳೆಯುವ ಕೆಲಸ ಎಂದುಕೊಂಡಿದ್ದರು. ಐವತ್ತು ಅರವತ್ತು ವರ್ಷ ಕೈಯಲ್ಲಿ ಕೂಡಿಟ್ಟದ್ದು ಒಂದು ದಿನ ಬೇರೆ ದಾರಿ ಹಿಡಿದು ಹರಿಯಿತು. ಹೊಸಬರಾಗಬೇಕಾದರೆ ಹಳೆಯದನ್ನೆಲ್ಲ ಕೊಡವಿಕೊಂಡು ಏಳಬೇಕು ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ.

ಆಕೆಗೆ ಬಿಡುವಿತ್ತು, ಸಿರಿವಂತ ಗೆಳತಿ ಇದ್ದಳು, ನಮಗೇನಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಿಡುವಿಲ್ಲದವರೂ ಇದ್ದಾರೆ. ಅಮೆರಿಕದ ಅನ್ನಾ ಮೇರಿ ರಾಬರ್ಟ್‌ಸನ್ ಮೋಸಸ್ 1860ರಲ್ಲಿ ಹುಟ್ಟಿದವರು. ಹನ್ನೆರಡನೆಯ ವಯಸ್ಸಿಗೇ ಬೇರೆಯವರ ಮನೆಗೆಲಸಕ್ಕೆ ಹೋದರು. ಹೆತ್ತ ಹತ್ತು ಮಕ್ಕಳಲ್ಲಿ ಉಳಿದದ್ದು ಐದು. ಬದುಕಿಡೀ ಹೊಲ, ಹಟ್ಟಿ, ಒಲೆ. ಎಪ್ಪತ್ತು ದಾಟಿದ ಮೇಲೆ ಉಣ್ಣೆಯ ದಾರದಲ್ಲಿ ಚಿತ್ರ ಹೊಲಿಯುತ್ತಿದ್ದರು. ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾದಾಗ, ತಂಗಿಯ ಮಾತು ಕೇಳಿ ಕುಂಚ ಹಿಡಿದರು. ಜಾತ್ರೆಯಂಥ ಒಂದು ಪ್ರದರ್ಶನಕ್ಕೆ ಜಾಮ್ ಜೊತೆ ಚಿತ್ರಗಳನ್ನೂ ಒಯ್ದರೆ, ಬಹುಮಾನ ಬಂದದ್ದು ಜಾಮ್‌ಗೆ. ಆದರೂ ಕುಂಚ ಕೆಳಗಿಡಲಿಲ್ಲ. 1940ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಅವರದೇ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು.

ಇಬ್ಬರ ಕಥೆಯಲ್ಲೂ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇದ್ದಾಳೆ, ಗಮನಿಸಿ. ಒಬ್ಬಳು ಕಾಗದವನ್ನು ಹೂವೆಂದು ನಂಬಿದಳು, ಇನ್ನೊಬ್ಬಳು ಸೂಜಿ ಬಿಟ್ಟು ಕುಂಚ ಹಿಡಿ ಎಂದಳು. ಧೈರ್ಯವನ್ನು ಒಬ್ಬರೇ ಕುಳಿತು ಹುಟ್ಟಿಸಿಕೊಳ್ಳುವುದು ಕಷ್ಟ. ನಿಮ್ಮ ಮನೆಯ ಹಿರಿಯ ಹೆಂಗಸು ಏನಾದರೂ ಮಾಡಿ ತೋರಿಸಿದರೆ, ದಯವಿಟ್ಟು ಒಂದು ನಿಮಿಷ ನಿಂತು ಅದನ್ನು ನೋಡಿ.

ಡೆಲಾನಿ ಅವರಿಗೆ ಸಾವಿರ ಹೂ ಮಾಡಬೇಕೆಂಬ ಆಸೆಯಿತ್ತು. 1782ರಲ್ಲಿ, 82ನೇ ವಯಸ್ಸಿನಲ್ಲಿ, 985ಕ್ಕೆ ಬಂದಾಗ ಕಣ್ಣು ಸೋತಿತು. ಒಂದು ಪದ್ಯ ಬರೆದು ಆ ಕೆಲಸಕ್ಕೆ ವಿದಾಯ ಹೇಳಿದರು. ಮತ್ತೆ ಆರು ವರ್ಷ ಬದುಕಿದ್ದರು. ಆ ಹಾಳೆಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಹಿಂಬದಿಯಲ್ಲಿ ಗಿಡದ ಹೆಸರು, ಮಾಡಿದ ಜಾಗ, ಮಾಡಿದ ದಿನ. ಮುಂಬದಿಯ ಮೂಲೆಯಲ್ಲಿ, ಕಾಗದದಲ್ಲೇ ಕತ್ತರಿಸಿ ಅಂಟಿಸಿದ ಎರಡು ಅಕ್ಷರ: ಎಂ.ಡಿ.