ಪಾರ್ಕ್ ಮುಚ್ಚುವಾಗ ಪಾಲಕರನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅರ್ಧ ಜನ ನನ್ನ ಜೊತೆ ಲದ್ದಿ ಬಾಚಿದವರು, ಇನ್ನರ್ಧ ಈಗಷ್ಟೇ ಪ್ರಾಣಿ ಪಾಲಕರಾಗಿ ಈ ಕೆಲಸಕ್ಕೆ ಸೇರಿದವರು. ಹಾಗಾಗಿ ನಮ್ಮ ಪ್ರಾಣಿಗಳ ಪಾರ್ಕ್ ಹೇಗಿತ್ತು, ಯಾಕೆ ಮುಚ್ಚಿತು ಅಂತ ಮತ್ತೆ ಹೇಳುವುದಿಲ್ಲ. ಟಿಕೆಟ್ ದುಡ್ಡನ್ನೇ ನಂಬಿ ಅಷ್ಟು ಹೊಟ್ಟೆ ತುಂಬಿಸುವುದು ಕಷ್ಟ. ಒಂದು ಆನೆಯೇ ದಿನಕ್ಕೆ 100 ಕಿಲೋಗೂ ಜಾಸ್ತಿ ತಿನ್ನುತ್ತದೆ. ಇವತ್ತು ಜನ ಬರಲಿಲ್ಲ, ಸುಮ್ನೆ ಮಲಗು ಅಂತ ಅದಕ್ಕೆ ಹೇಳುವುದಕ್ಕೆ ಆಗುತ್ತಾ?

ಮುಚ್ಚಿದ್ದು ನಮ್ಮ ಪಾರ್ಕ್ ಒಂದೇ ಅಲ್ಲ. ಮ್ಯಾಂಚೆಸ್ಟರ್‌ನ ಬೆಲ್ ವ್ಯೂ ಮೃಗಾಲಯ 1836ರಲ್ಲಿ ಶುರುವಾಗಿ 1977ರಲ್ಲಿ ಮುಚ್ಚಿತು. ವಿಂಡ್ಸರ್ ಸಫಾರಿ ಪಾರ್ಕ್ 1992ರಲ್ಲಿ ಬಾಗಿಲು ಹಾಕಿತು, ಸಿಂಹಗಳಿದ್ದ ಜಾಗದಲ್ಲಿ 1996ರಲ್ಲಿ ಲೆಗೊಲ್ಯಾಂಡ್ ಅನ್ನುವ ಆಟದ ಪಾರ್ಕ್ ಬಂತು. ಜಾಗ ಏನಾಯಿತು ಅಂತ ಎಲ್ಲರೂ ವಿವರವಾಗಿ ಬರೆಯುತ್ತಾರೆ. ಪ್ರಾಣಿಗಳ ಬಗ್ಗೆ ಮಾತ್ರ ಒಂದೇ ಸಾಲು: ‘ಬೇರೆ ಕಡೆಗೆ ಕಳಿಸಲಾಯಿತು.’ ನಾನು ಮಾತಾಡಬೇಕು ಅಂತ ಬಂದಿರುವುದು ಆ ಒಂದು ಸಾಲಿನ ಬಗ್ಗೆ. ಸಾಗಣೆ, ದಾಖಲೆ, ಪಾಲಕರು ಅಂತ ಮೂರು ಭಾಗ ಮಾಡಿಕೊಂಡಿದ್ದೇನೆ. ಸಮಯ ಸಾಲುತ್ತದೋ ನೋಡೋಣ.

ನಮ್ಮ ಅಜ್ಜಿ ನೆನಪಿರಬೇಕಲ್ವಾ? ಹೊಸಬರಿಗೆ ಹೇಳುತ್ತೇನೆ, ಅಜ್ಜಿ ಅಂದರೆ ನಮ್ಮ ಹೆಣ್ಣು ಬಿಳಿ ಘೇಂಡಾಮೃಗ. ತೂಕ ಒಂದೂವರೆ ಟನ್ನಿಗೂ ಜಾಸ್ತಿ, ಸ್ವಭಾವ ಮಾತ್ರ ಬೆಳಿಗ್ಗೆ ಬೆಳಿಗ್ಗೆ ಯಾರೂ ಮಾತಾಡಿಸಬಾರದು ಅನ್ನುವ ಹಿರಿಯರದ್ದು. ಮುಚ್ಚುವುದು ಖಚಿತವಾದ ಮೇಲೆ ಅವಳಿಗೆ ಬೇರೆ ಕಡೆ ಜಾಗ ಸಿಕ್ಕಿತು. ಲಾರಿ ಬರುವ ದಿನವೂ ಗೊತ್ತಾಯಿತು. ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ, ಮತ್ತಿನ ಇಂಜೆಕ್ಷನ್ ಹೊಡೆದು ಬೇಗ ಏರಿಸಬಹುದಲ್ಲ? ಡಾಕ್ಟರ್ ಒಪ್ಪಲಿಲ್ಲ. ಅಷ್ಟು ಭಾರದ ಪ್ರಾಣಿ ಬಿದ್ದರೆ ತನ್ನ ತೂಕವೇ ಶ್ವಾಸಕೋಶದ ಮೇಲೆ ಕೂರುತ್ತದೆ, ಔಷಧವೂ ಉಸಿರಾಟ ತಗ್ಗಿಸುತ್ತದೆ, ವಯಸ್ಸಾದ ಪ್ರಾಣಿಗೆ ಬೇಡ, ತಾನಾಗಿ ನಡೆದು ಒಳಗೆ ಹೋಗಲಿ ಅಂದರು.

ಸರಿ, ಕ್ರೇಟ್, ಅಂದರೆ ಪ್ರಾಣಿ ಸಾಗಿಸುವ ದೊಡ್ಡ ಪೆಟ್ಟಿಗೆ, ತಂದು ಅಂಗಳಕ್ಕೂ ರಾತ್ರಿ ಮನೆಗೂ ನಡುವಿನ ದಾರಿಯಲ್ಲಿ ಇಟ್ಟೆವು. ಎರಡೂ ಕಡೆ ಬಾಗಿಲು ತೆಗೆದಿಟ್ಟು, ಒಳಗೆ ಹುಲ್ಲು ಹರಡಿದೆವು. ಘೇಂಡಾಮೃಗಕ್ಕೆ ಕಣ್ಣು ಮಂದ, ಕಿವಿ ಮೂಗು ಬಹಳ ಚುರುಕು. ಅಜ್ಜಿ ಬಂದಳು, ಮೂಸಿದಳು, ನಿಂತಳು, ತಿರುಗಿ ಹೋದಳು. ಮರುದಿನವೂ ಅದೇ. ಹುಲ್ಲನ್ನು ಸ್ವಲ್ಪ ಸ್ವಲ್ಪವೇ ಒಳಗೆ ಸರಿಸುತ್ತಾ ಬಂದೆವು. ಮುಂದಿನ ಕಾಲು ಇಡುತ್ತಿದ್ದಳು, ತಲೆ ಚಾಚಿ ಬಾಯಿಗೆ ಎಟುಕಿದ್ದನ್ನು ತಿನ್ನುತ್ತಿದ್ದಳು, ಹಿಂದಿನ ಕಾಲು ಮಾತ್ರ ಹೊರಗೇ. ಲಾರಿ ದಿನ ಹತ್ತಿರ ಬರುತ್ತಿತ್ತು, ಆಫೀಸಿನಿಂದ ದಿನಕ್ಕೆರಡು ಸಲ ಫೋನ್.

ಆಗ ನಮ್ಮಲ್ಲಿ ಬಹಳ ವರ್ಷದಿಂದ ಅವಳನ್ನು ನೋಡಿಕೊಂಡಿದ್ದ ಪಾಲಕರೊಬ್ಬರು ಒಂದು ಮಾತು ಹೇಳಿದರು. ಅಜ್ಜಿ ಸಂಜೆ ಮನೆಯೊಳಗೆ ಬರುವುದು ಹುಲ್ಲು ಕಂಡಾಗ ಅಲ್ಲ, ಒಳಗೆ ಪೊರಕೆ ಆಡುವ ಸದ್ದು ಕೇಳಿದಾಗ. ಇಷ್ಟು ವರ್ಷ ದಿನಾ ಗುಡಿಸಿದ ಮೇಲೆಯೇ ಹುಲ್ಲು ಹಾಕುತ್ತಿದ್ದೆವಲ್ಲ, ಅವಳ ಲೆಕ್ಕದಲ್ಲಿ ಪೊರಕೆಯ ಸದ್ದು ಬಂದರೆ ಊಟ ತಯಾರು, ಎಲ್ಲಾ ಸರಿಯಾಗಿದೆ ಅಂತ. ಅವರು ಕ್ರೇಟಿನ ಆ ಕಡೆ ಬಾಗಿಲ ಹೊರಗೆ ನಿಂತು, ಸಿಮೆಂಟ್ ನೆಲದ ಮೇಲೆ ಆ ಗಟ್ಟಿ ಕಡ್ಡಿಯ ಪೊರಕೆಯನ್ನು ದಿನಾ ಎಳೆಯುವ ಹಾಗೆಯೇ ಎಳೆದರು. ಅಜ್ಜಿಯ ಕಿವಿ ತಿರುಗಿತು. ಸೀದಾ ನಡೆದು ಬಂದಳು. ನಾಲ್ಕೂ ಕಾಲು ಒಳಗೆ! ನಾವು ಯಾರೂ ಕೂಗಲಿಲ್ಲ, ಕೂಗಿದ್ದರೆ ಹೊರಗೆ ಹೋಗಿಬಿಡುತ್ತಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕುಣಿದೆವು. ಲಾರಿ ಬಂದ ದಿನ ಬಾಗಿಲು ಇಳಿಸಿದಾಗಲೂ ಅವಳು ಹುಲ್ಲು ತಿನ್ನುತ್ತಲೇ ಇದ್ದಳು.

ಜೊತೆಗೆ ಅವಳ ಲದ್ದಿಯನ್ನೂ ಚೀಲಗಳಲ್ಲಿ ತುಂಬಿ ಕಳಿಸಿದೆವು. ನಗಬೇಡಿ, ಬಿಳಿ ಘೇಂಡಾಮೃಗಗಳು ಒಂದೇ ರಾಶಿಯಲ್ಲಿ ಲದ್ದಿ ಹಾಕುತ್ತವೆ, ಯಾರಿದ್ದಾರೆ ಯಾರು ಬಂದರು ಅಂತ ಆ ವಾಸನೆಯಲ್ಲೇ ತಿಳಿಯುತ್ತವೆ. ಪ್ರಾಣಿ ತನ್ನ ಆವರಣವನ್ನು ತನ್ನದೇ ಸೀಮೆ ಅಂತ ನೋಡುತ್ತದೆ ಎಂದು ಹೈನಿ ಹೆಡಿಗರ್ ಹೇಳಿದ್ದರು. ಅವರು ಬರ್ನ್, ಬಾಸೆಲ್, ಜ್ಯೂರಿಕ್ ಮೂರೂ ಮೃಗಾಲಯಗಳನ್ನು ನಡೆಸಿದವರು. ಆ ಸೀಮೆಯನ್ನು ಲಾರಿಯಲ್ಲಿ ಹಾಕುವುದಕ್ಕೆ ಆಗುವುದಿಲ್ಲ, ಅದರ ವಾಸನೆಯನ್ನು ಹಾಕಬಹುದು.

ಹೊಸ ಜಾಗದಲ್ಲಿ ಅವಳು ರಾತ್ರಿ ಮನೆಯೊಳಗೆ ಹೋಗುತ್ತಿಲ್ಲ ಅಂತ ಫೋನ್ ಬಂತು. ಕಾಗದಗಳೆಲ್ಲ ಸರಿಯಾಗಿವೆ, ಆಹಾರ ಪಟ್ಟಿ ಇದೆ, ರಕ್ತ ಪರೀಕ್ಷೆ ಇದೆ, ಆದರೂ ಯಾಕೆ ಹೀಗೆ ಅಂತ ಕೇಳಿದರು. ಪೊರಕೆ ತಗೊಳ್ಳಿ ಅಂದೆವು. ಅವರಿಗೆ ಮೊದಲು ತಮಾಷೆ ಅನ್ನಿಸಿತಂತೆ. ಸಂಜೆ ಮತ್ತೆ ಫೋನ್ ಮಾಡಿ, ಒಳಗೆ ಹೋದಳು ಅಂದರು. ಯೋಚಿಸಿ, ಆ ಫೋನ್ ಎತ್ತುವವರು ಯಾರೂ ಇರದಿದ್ದರೆ?

ಇಲ್ಲಿಗೆ ಎರಡನೇ ವಿಷಯಕ್ಕೆ ಬಂದೆ, ದಾಖಲೆ. ದಾಖಲೆಯನ್ನು ನಾನು ಕೀಳಾಗಿ ನೋಡುವವನಲ್ಲ. 1927ರ ಹೊತ್ತಿಗೆ ಯುರೋಪಿನ ಬೈಸನ್ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಇವತ್ತು ಇರುವ ಅಷ್ಟೂ ಬೈಸನ್ ಕೇವಲ 12 ಪ್ರಾಣಿಗಳ ಸಂತತಿ. ಯಾರು ಯಾರ ಮರಿ ಅಂತ ವಂಶಾವಳಿ ಪುಸ್ತಕ ಇಟ್ಟು, 1932ರಲ್ಲಿ ಅಚ್ಚು ಹಾಕಿಸಿ, ಜೋಡಿ ನೋಡಿ ನೋಡಿ ಬೆಳೆಸಿದರು. ಅರೇಬಿಯನ್ ಓರಿಕ್ಸ್ ಅನ್ನುವ ಮರಳುಗಾಡಿನ ಜಿಂಕೆಯಂಥ ಪ್ರಾಣಿ ಕೂಡ ಹಾಗೇ. 1972ರಲ್ಲಿ ಕಾಡಿನಿಂದ ಮಾಯವಾದದ್ದು ಮೃಗಾಲಯದ ಹಿಂಡುಗಳಿಂದಾಗಿ 1982ರಲ್ಲಿ ಓಮಾನ್‌ನ ಮರಳುಗಾಡಿಗೆ ವಾಪಸ್ ಬಂತು. ಬರೆದಿಟ್ಟವರ ಋಣ ದೊಡ್ಡದು. ಆದರೆ ಆ ಪುಸ್ತಕಗಳು ಹೇಳುವುದು ತಂದೆ ಯಾರು, ತಾಯಿ ಯಾರು, ಹುಟ್ಟಿದ ದಿನ ಯಾವುದು ಅಂತ. ಪೊರಕೆಯನ್ನು ಯಾವ ಕಾಲಂನಲ್ಲಿ ಬರೆಯುವುದು?

ನಮ್ಮ ಹುಲಿ ಪಾಲಕರು ಬಂದಾಗ ಮೂಗಿನಲ್ಲಿ ಬುಸ್ ಬುಸ್ ಅಂತ ಮೆಲ್ಲಗೆ ಸದ್ದು ಮಾಡಿ ಮಾತಾಡಿಸುತ್ತಿತ್ತು. ಆ ಸದ್ದು ಬರದಿದ್ದ ದಿನ ಅದಕ್ಕೆ ಹುಷಾರಿಲ್ಲ ಅಂತ ನಾವು ಡಾಕ್ಟರ್‌ಗೆ ಹೇಳುತ್ತಿದ್ದೆವು, ಬಹುತೇಕ ಸರಿಯಾಗಿರುತ್ತಿತ್ತು. ಕೋತಿಗಳ ಗುಂಪಿನಲ್ಲಿ ಯಾವ ಎರಡು ಹೆಣ್ಣುಗಳನ್ನು ಬೇರೆ ಮಾಡಬಾರದು ಅಂತ ನಮಗೆ ಗೊತ್ತಿತ್ತು. ನಮ್ಮನ್ನು ಯಾರೂ ಕೇಳಲಿಲ್ಲ, ಅರ್ಧ ಗುಂಪು ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ ಹೋಯಿತು. ಅದರ ಬಗ್ಗೆ ಮಾತಾಡಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ, ಬಿಡಿ.

ಚೀಟಿ ಬಂತು, ಸಮಯ ಆಯಿತಂತೆ. ಮೂರನೇ ಭಾಗ ಪಾಲಕರದ್ದು, ಅದೇ ಮುಖ್ಯವಾಗಿತ್ತು, ಬೇಗ ಹೇಳಿಬಿಡುತ್ತೇನೆ. ಯಾವುದೇ ಪಾರ್ಕ್ ಮುಚ್ಚುವಾಗ ಪಾಲಕರನ್ನು ಮೊದಲು ಮನೆಗೆ ಕಳಿಸಬೇಡಿ, ಕೊನೆಯ ಪ್ರಾಣಿ ಹೋಗುವವರೆಗೂ ಇರಲಿ, ಸಂಬಳವೂ ಅಲ್ಲಿಯವರೆಗೆ ಬರಲಿ. ತೆಗೆದುಕೊಳ್ಳುವ ಕಡೆಯ ಪಾಲಕರು ಮೊದಲೇ ಬಂದು ಜೊತೆಗೆ ಕೆಲಸ ಮಾಡಲಿ. ಪ್ರಾಣಿ ಹೋಗುವಾಗ ಗೊತ್ತಿರುವ ಒಬ್ಬರಾದರೂ ಜೊತೆಗೆ ಹೋಗಿ ಅದು ಅಲ್ಲಿ ಹೊಂದಿಕೊಳ್ಳುವವರೆಗೆ ನಿಲ್ಲಲಿ. ಇದಕ್ಕೆ ದುಡ್ಡು ಬೇಕು ನಿಜ, ಆದರೆ ಲಾರಿಗೆ ಸಿಗುವ ದುಡ್ಡು ಮನುಷ್ಯನಿಗೆ ಯಾಕೆ ಸಿಗಬಾರದು? ಹೊಸಬರೇ, ನೀವು ಪಾರ್ಕ್ ಮುಚ್ಚುವವರೆಗೆ ಕಾಯಬೇಡಿ, ಇವತ್ತು ಸಂಜೆಯೇ ನಿಮ್ಮ ಪ್ರಾಣಿಯ ಬಗ್ಗೆ ಒಂದು ಪುಟ ಬರೆಯಿರಿ.

ಪ್ರಶ್ನೆಗಳಿವೆ ಅಂತ ಕೈ ಎತ್ತಿದ್ದೀರಿ. ಆ ದಿನ ಪೊರಕೆ ಹಿಡಿದವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅಣ್ಣಾ, ಎದ್ದು ಬನ್ನಿ, ನಾಚಿಕೊಳ್ಳಬೇಡಿ. ಮೈಕ್ ಅವರಿಗೆ ಕೊಡಿ, ಅಜ್ಜಿಯ ಬಗ್ಗೆ ನನಗಿಂತ ಜಾಸ್ತಿ ಅವರಿಗೆ ಗೊತ್ತು.