ಗೋಡೆಯ ಮೇಲಿನ ನಂಬರು

ಕೇಳುಗರಿಗೆ ನಮಸ್ಕಾರ. ನಾನು ಹಲ್ಲಿನ ಡಾಕ್ಟರು. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಒಂದು ಸಣ್ಣ ಕ್ಲಿನಿಕ್ ಇದೆ. ಕೆಳಗೆ ಬೇಕರಿ, ಮೇಲೆ ನಾನು. ನಿಮ್ಮಿಬ್ಬರದ್ದೂ ಪಾಲುದಾರಿಕೆಯಾ ಅಂತ ತಮಾಷೆ ಮಾಡುವವರಿದ್ದಾರೆ, ಇರಲಿ.

ಹೋದ ಮಳೆಗಾಲದಲ್ಲಿ ಪೆರ್ಲದ ಕಡೆಯಿಂದ ಒಬ್ಬರು ಅಜ್ಜಿ ಬಂದರು. ಜೊತೆಗೆ ಮೊಮ್ಮಗ. ಅಜ್ಜಿಗೆ ಎದುರಿನ ಎರಡು ಹಲ್ಲು ಬಿದ್ದು ಹೋಗಿತ್ತು, ಮೊಮ್ಮಗಳ ಮದುವೆ ಹತ್ತಿರ ಬಂತು, ಯಾವುದೋ ಜಾತ್ರೆಯ ಬದಿಯಲ್ಲಿ ಮೇಜು ಹಾಕಿ ಕೂತವರ ಹತ್ತಿರ ಹಲ್ಲು ಕಟ್ಟಿಸಿಕೊಂಡರಂತೆ. ಅರ್ಧ ಗಂಟೆಯ ಕೆಲಸ. ದುಡ್ಡೂ ಕಡಿಮೆ. ಮದುವೆಯ ಫೋಟೋದಲ್ಲಿ ಚೆನ್ನಾಗಿಯೇ ಬಂದಿತ್ತು, ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ.

ಬಾಯಿ ತೆರೆದು ನೋಡಿದೆ. ಎರಡು ಹಲ್ಲಿಟ್ಟು, ಹಿಂದಿನಿಂದ ಗುಲಾಬಿ ಬಣ್ಣದ ಹಿಟ್ಟು ಮೆತ್ತಿ, ಅಕ್ಕಪಕ್ಕದ ಒಳ್ಳೆಯ ಹಲ್ಲುಗಳಿಗೆ ತಂತಿ ಸುತ್ತಿ ಬಿಗಿದಿದ್ದಾರೆ. ಈ ಹಿಟ್ಟು ಅಕ್ರಿಲಿಕ್. ಪುಡಿಗೆ ನೀರಿನಂಥ ಒಂದು ದ್ರವ ಕಲಸಿದರೆ ತಾನಾಗಿಯೇ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಬಿಸಿಯೂ ಆಗುತ್ತದೆ. ನಾವದನ್ನು ಅಚ್ಚಿನ ಮೇಲೆ, ಬಾಯಿಯ ಹೊರಗೆ ಮಾಡುತ್ತೇವೆ. ಅವರು ನೇರ ಒಸಡಿನ ಮೇಲೆಯೇ ಮೆತ್ತಿದ್ದರು. ತೆಗೆದು ತೊಳೆಯುವ ಹಾಗಿಲ್ಲ. ಅದರ ಅಡಿಯಲ್ಲಿ ತಿಂಗಳುಗಟ್ಟಲೆ ಅನ್ನ, ಸಾಂಬಾರು, ಅಡಿಕೆಯ ಚೂರು ಎಲ್ಲ ಕೂತು, ಹತ್ತಿರ ಹೋಗಲಾಗದಷ್ಟು ವಾಸನೆ. ಒಂದೂವರೆ ಗಂಟೆ ಕೂತು ಸ್ವಲ್ಪ ಸ್ವಲ್ಪವೇ ಕೊರೆದು ತೆಗೆದೆ. ತೆಗೆದ ಮೇಲೆ ನೋಡಿದರೆ ತಂತಿ ಕಟ್ಟಿದ ಎರಡು ಒಳ್ಳೆಯ ಹಲ್ಲೂ ಅಲ್ಲಾಡುತ್ತಿತ್ತು. ಎರಡು ಹಲ್ಲು ಕಟ್ಟಿಸಲು ಹೋಗಿ ಇನ್ನೆರಡು ಹೋಯಿತು.

ಆಮೇಲೆ ಅಜ್ಜಿ ಕೇಳಿದ್ದು ಒಂದೇ ಮಾತು. "ಅವರೂ ಡಾಕ್ಟ್ರೇ ಅಲ್ವಾ ಮಗಳೇ? ಬಿಳಿ ಕೋಟು ಹಾಕಿದ್ರು."

ಕೋಟು ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಸಿಗದ್ದು ಒಂದಿದೆ, ದಂತವೈದ್ಯರ ರಿಜಿಸ್ಟರ್ ನಂಬರು. ಇವತ್ತು ಮಾತಾಡಲು ಬಂದದ್ದು ಅದರ ಬಗ್ಗೆ.

ನಮ್ಮ ದೇಶದಲ್ಲಿ ಹಲ್ಲಿನ ಡಾಕ್ಟರುಗಳಿಗೆ ಅಂತಲೇ ಒಂದು ಕಾಯ್ದೆ ಬಂದದ್ದು 1948ರಲ್ಲಿ, ದಂತವೈದ್ಯರ ಕಾಯ್ದೆ. ಮಾರನೆಯ ವರ್ಷ, 1949ರಲ್ಲಿ, ಭಾರತೀಯ ದಂತ ವೈದ್ಯಕೀಯ ಪರಿಷತ್ತು ಆಯಿತು. ನಾವು ಬಾಯಿಮಾತಿನಲ್ಲಿ ಡೆಂಟಲ್ ಕೌನ್ಸಿಲ್ ಅನ್ನುತ್ತೇವೆ. ಕಾಲೇಜಿಗೆ ಮಾನ್ಯತೆ, ಏನು ಓದಿಸಬೇಕು, ಇದೆಲ್ಲ 1948ರ ಕಾಯ್ದೆ ದೆಹಲಿಯ ಆ ಕೌನ್ಸಿಲ್‌ಗೆ ವಹಿಸಿದ ಕೆಲಸ. ಆದರೆ ನಮ್ಮ ಹೆಸರು ಬರೆದುಕೊಳ್ಳುವ ರಿಜಿಸ್ಟರ್ ಇರುವುದು ಆಯಾ ರಾಜ್ಯದ ಕೌನ್ಸಿಲ್‌ನಲ್ಲಿ. ಕರ್ನಾಟಕದವರದ್ದು ಬೆಂಗಳೂರಿನಲ್ಲಿ, ಕೇರಳದವರದ್ದು ತಿರುವನಂತಪುರದಲ್ಲಿ. ಬಿಡಿಎಸ್, ಅಂದರೆ ಹಲ್ಲಿನ ಡಾಕ್ಟರರ ಪದವಿ, ಇಂಟರ್ನ್‌ಶಿಪ್ ಸೇರಿ ಐದು ವರ್ಷ. ಅದು ಮುಗಿದು ಪದವಿ ಕೈಗೆ ಬಂದರೂ ಈ ರಿಜಿಸ್ಟರಿನಲ್ಲಿ ಹೆಸರು ಬೀಳದೆ ಒಂದು ಹಲ್ಲನ್ನೂ ಮುಟ್ಟುವ ಹಾಗಿಲ್ಲ.

ಈ ಕಾಯ್ದೆ ಬರೆದವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ರಿಜಿಸ್ಟರನ್ನು ಎ ಮತ್ತು ಬಿ ಅಂತ ಎರಡು ಭಾಗ ಮಾಡಿದರು. ಮಾನ್ಯತೆಯ ಪದವಿ ಇದ್ದವರು ಎ ಭಾಗದಲ್ಲಿ. ಪದವಿ ಇಲ್ಲ, ಆದರೆ ರಿಜಿಸ್ಟರ್ ಶುರುವಾಗುವ ಮೊದಲೇ ಐದು ವರ್ಷಕ್ಕೆ ಕಡಿಮೆ ಇಲ್ಲದಂತೆ ಇದೇ ಕಸುಬಿನಲ್ಲಿ ಇದ್ದವರು ಬಿ ಭಾಗದಲ್ಲಿ. ಅಂದರೆ ಅಲ್ಲಿಯವರೆಗೆ ಹಲ್ಲು ಕಟ್ಟಿ, ಕಿತ್ತು ಜೀವನ ಮಾಡುತ್ತಿದ್ದವರ ಅನ್ನಕ್ಕೆ ಕಲ್ಲು ಹಾಕಲಿಲ್ಲ. ಅವತ್ತಿಗೆ ಅದು ನ್ಯಾಯವೇ. ಆದರೆ ಈಗ ಕೆಲವರು ಹೇಳುತ್ತಾರೆ, ನಮ್ಮ ಅಜ್ಜನ ಹೆಸರು ರಿಜಿಸ್ಟರಿನಲ್ಲಿ ಇತ್ತು, ನಮ್ಮದು ಮೂರು ತಲೆಮಾರಿನ ಕೆಲಸ ಅಂತ. ಅಜ್ಜನಿಂದ ಮೊಮ್ಮಗನಿಗೆ ಬರಲಿಕ್ಕೆ ಅದೇನು ಅಡಿಕೆ ತೋಟವಾ? ಹೆಸರು ಯಾರದ್ದೋ ಅವರ ಜೊತೆಗೇ ಮುಗಿಯುತ್ತದೆ.

ಇನ್ನೊಂದು ಮಾತು ಕೇಳಿದ್ದೇನೆ. "ನಾನು ಚಿಕಿತ್ಸೆ ಮಾಡುವುದಿಲ್ಲ, ಸುಮ್ನೆ ಹಲ್ಲಿನ ಸೆಟ್ಟು ಮಾಡಿ ಕೊಡುತ್ತೇನೆ ಅಷ್ಟೆ." ಸೆಟ್ಟು ಮಾಡುವವರಿಗೂ ಕಾಯ್ದೆಯಲ್ಲಿ ಜಾಗ ಇದೆ, ಡೆಂಟಲ್ ಮೆಕ್ಯಾನಿಕ್ ಅಂತ. ಅವರಿಗೂ ಬೇರೆ ರಿಜಿಸ್ಟರ್ ಇದೆ, ಹಲ್ಲು ಕ್ಲೀನ್ ಮಾಡುವ ಹೈಜೀನಿಸ್ಟರಿಗೂ ಇದೆ. ನಾನು ಅಳತೆ ತೆಗೆದು ಕಳಿಸಿದ ಮೇಲೆ ಲ್ಯಾಬಿನಲ್ಲಿ ಕೂತು ಅಷ್ಟು ಚೆಂದದ ಹಲ್ಲು ಮಾಡುವವರು ಅವರೇ, ಅವರಿಲ್ಲದೆ ನಮ್ಮ ಕೈ ಕಟ್ಟಿದ ಹಾಗೆ. ಆದರೆ ಸೆಟ್ಟು ಕೂರಿಸುವುದಕ್ಕೆ ಅಂತ ರೋಗಿಯ ಬಾಯಿಗೆ ಅಳತೆಯ ಚಮಚ ಇಟ್ಟ ಕೂಡಲೇ ಅದು ದಂತವೈದ್ಯರ ಕೆಲಸ ಆಗುತ್ತದೆ. ದಂತಚಿಕಿತ್ಸೆ ಅಂದರೆ ಏನು ಅಂತ ಕಾಯ್ದೆಯಲ್ಲಿ ಬರೆದ ಕಡೆ ಹಲ್ಲು ಕಟ್ಟುವುದಕ್ಕೆ ಮಾಡುವ ತಯಾರಿ, ಕೊಡುವ ಸಲಹೆ ಕೂಡ ಸೇರಿದೆ. ಇದನ್ನು ಜಾಸ್ತಿ ಜನ ಓದಿರುವುದಿಲ್ಲ.

1948ರ ಕಾಯ್ದೆಯಲ್ಲಿ ವಿನಾಯಿತಿ ಒಂದಿದೆ, ಕೇಳಿದರೆ ನಗು ಬರಬಹುದು. ತುರ್ತು ಇದ್ದು, ರಿಜಿಸ್ಟರ್ ಆದ ದಂತವೈದ್ಯರು ಯಾರೂ ಸಿಗದಿದ್ದರೆ, ಯಾರು ಬೇಕಾದರೂ ಹಲ್ಲು ಕೀಳಬಹುದು. ಷರತ್ತು ಏನೆಂದರೆ ಮರಗಟ್ಟಿಸುವ ಇಂಜೆಕ್ಷನ್ ಕೊಡಬಾರದು. ಹಾಗೆ ಕೀಳಿಸಿಕೊಳ್ಳುವವರ ಧೈರ್ಯಕ್ಕೆ ನನ್ನದೊಂದು ನಮಸ್ಕಾರ. ರಸ್ತೆ ಇಲ್ಲದ, ಬಸ್ಸಿಲ್ಲದ ಕಾಲಕ್ಕೆ ಬರೆದ ಸಾಲು ಅದು. ಇವತ್ತು ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಪೇಟೆಗೆ ಹೋದರೂ ಹಲ್ಲಿನ ಕ್ಲಿನಿಕ್ ಕಾಣುತ್ತದೆ.

ಇನ್ನು ಶಿಕ್ಷೆ. ರಿಜಿಸ್ಟರ್ ಆಗದೆ ಕೆಲಸ ಮಾಡಿ ಮೊದಲ ಸಲ ಸಿಕ್ಕಿಬಿದ್ದರೆ 1948ರ ಕಾಯ್ದೆಯಲ್ಲಿ ಜಾಸ್ತಿ ಅಂದರೆ 500 ರೂಪಾಯಿ ದಂಡ. ಮತ್ತೆ ಸಿಕ್ಕಿದರೆ ಆರು ತಿಂಗಳವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. 1948ರಲ್ಲಿ 500 ರೂಪಾಯಿ ದೊಡ್ಡ ಮೊತ್ತ, ಒಪ್ಪುತ್ತೇನೆ. ಈಗ ಅದು ಒಂದು ಹಲ್ಲು ಕೀಳುವ ರೇಟು. ಹೀಗಿದ್ದರೆ ಹೆದರುವವರು ಯಾರು? 2023ರಲ್ಲಿ ಪಾರ್ಲಿಮೆಂಟು ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಪಾಸು ಮಾಡಿದೆ. ಹಳೆಯ ಕಾಯ್ದೆಯ ಜಾಗಕ್ಕೆ ಅಂತ ಮಾಡಿದ್ದು ಅದು. ಕೌನ್ಸಿಲ್ ಹೋಗಿ ಆಯೋಗ, ಇಡೀ ದೇಶಕ್ಕೆ ಒಂದು ರಾಷ್ಟ್ರೀಯ ರಿಜಿಸ್ಟರ್, ನೀತಿ ಮತ್ತು ನೋಂದಣಿಗೆ ಅಂತಲೇ ಒಂದು ಮಂಡಳಿ, ಹೀಗೆ.

ದೇಶಕ್ಕೆ ಒಂದು ರಿಜಿಸ್ಟರ್ ಅಂದಾಗ ಬೇರೆಯವರಿಗೆ ಏನನಿಸುತ್ತದೋ, ನಮ್ಮಂಥ ಗಡಿಯವರಿಗೆ ಒಂದು ನಿಟ್ಟುಸಿರು ಬರುತ್ತದೆ. ನಾನು ಓದಿದ್ದು ಮಂಗಳೂರಿನಲ್ಲಿ. ನಮ್ಮ ಕಡೆಯ ತುಂಬಾ ಮಕ್ಕಳು ಗಡಿಯ ತಲಪಾಡಿ ದಾಟಿಯೇ ಓದುವುದು. ಕೋರ್ಸ್ ಮುಗಿದ ಕೂಡಲೇ ಕರ್ನಾಟಕದ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದೆ, ನಂಬರು ಬಂತು. ಆಮೇಲೆ ಊರಿನಲ್ಲೇ ಕ್ಲಿನಿಕ್ ಹಾಕುವ ಅಂತ ಬಂದರೆ, ಊರು ಕೇರಳ. 1956ರ ನವೆಂಬರ್ 1ಕ್ಕೆ ಕಾಸರಗೋಡು ಅತ್ತ ಹೋದದ್ದು ನಮ್ಮ ಹಿರಿಯರಿಗೆ ಮನಸ್ಸಿನ ನೋವು, ನನಗೆ ಅದು ಫೈಲು. ಒಂದು ರಾಜ್ಯದ ರಿಜಿಸ್ಟರಿನಿಂದ ಇನ್ನೊಂದಕ್ಕೆ ಹೆಸರು ವರ್ಗ ಮಾಡಿಸಲು ಕಾಯ್ದೆಯಲ್ಲೇ ದಾರಿ ಇದೆ. ಅರ್ಜಿ, ಫೀಸು, ಹಿಂದಿನ ಕೌನ್ಸಿಲ್‌ನಿಂದ ಇವರ ಮೇಲೆ ದೂರಿಲ್ಲ ಅನ್ನುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟು. ನನ್ನ ಒಂದು ಕಾಗದದಲ್ಲಿ ಮನೆ ಹೆಸರಿನ ಸ್ಪೆಲ್ಲಿಂಗ್ ಒಂದಕ್ಷರ ಬೇರೆ ಇತ್ತು. ಆ ಒಂದಕ್ಷರಕ್ಕೆ ಎರಡು ಸಲ ರಾತ್ರಿ ರೈಲು ಹತ್ತಿದ್ದೇನೆ. ಅಷ್ಟು ದಿನ ಕುರ್ಚಿ, ಲೈಟು, ಕಂಪ್ರೆಸರ್ ಎಲ್ಲ ಬಂದು ಕೂತಿತ್ತು, ಬೋರ್ಡೂ ಬರೆಸಿ ಆಗಿತ್ತು, ಕನ್ನಡ, ಮಲಯಾಳ, ಇಂಗ್ಲಿಷು ಮೂರರಲ್ಲೂ. ಅಮ್ಮ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಜಾತ್ರೆಯ ಮೇಜಿಗೂ ನನ್ನ ಕುರ್ಚಿಗೂ ಇರುವ ವ್ಯತ್ಯಾಸ ಈ ಕಾಗದವೇ ತಾನೆ? ನನ್ನ ತಪ್ಪಿಗೆ ನನ್ನನ್ನು ಕರೆಸಿ ಕೇಳುವವರೊಬ್ಬರು ಇದ್ದಾರೆ. ಕೌನ್ಸಿಲ್ ನನ್ನ ಹೆಸರು ಹೊಡೆದು ಹಾಕಬಹುದು. ಜಾತ್ರೆಯವರ ಮೇಜು ಮರುದಿನ ಎಲ್ಲಿರುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ನೀವು ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. 2014ರ ನೀತಿ ನಿಯಮಗಳ ಪ್ರಕಾರ ದಂತವೈದ್ಯರು ರಿಜಿಸ್ಟರ್ ನಂಬರನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು, ಮದ್ದಿನ ಚೀಟಿಯಲ್ಲಿ, ದುಡ್ಡಿನ ರಶೀದಿಯಲ್ಲೂ ಬರೆಯಬೇಕು. ಕಾಣದಿದ್ದರೆ ಕೇಳಿ. ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೋ ಅಂತ ಸಂಕೋಚ ಬೇಡ, ಬೇಜಾರು ಮಾಡಿಕೊಂಡರೆ ಆ ಕುರ್ಚಿಯಿಂದ ಇಳಿಯಿರಿ. ಚೀಟಿಯನ್ನು ಬಿಸಾಡಬೇಡಿ. ನಾಳೆ ಏನಾದರೂ ಆದರೆ ಕೌನ್ಸಿಲ್‌ಗೆ ದೂರು ಬರೆಯಲು ಬೇಕಾಗುವುದು ಅದೇ.

ಅಜ್ಜಿಗೆ ಕೊನೆಗೆ ತೆಗೆದು ತೊಳೆಯುವಂಥ ಸೆಟ್ಟು ಮಾಡಿ ಕೊಟ್ಟೆ. ಎರಡು ತಿಂಗಳು ಕಳೆದು ಮತ್ತೆ ಬಂದರು, ಪಕ್ಕದ ಮನೆಯವರನ್ನೂ ಕರೆದುಕೊಂಡು. ಒಳಗೆ ಬಂದವರು ಕೂರಲೇ ಇಲ್ಲ, ಅವರನ್ನು ಸೀದಾ ಗೋಡೆಯ ಹತ್ತಿರ ನಿಲ್ಲಿಸಿದರು. ಸರ್ಟಿಫಿಕೇಟು ಇಂಗ್ಲಿಷಿನಲ್ಲಿತ್ತು. ಇಬ್ಬರೂ ಕತ್ತೆತ್ತಿ ನೋಡಿದರು, ನೋಡಿದರು.

"ಇದ್ರಲ್ಲಿ ನಂಬ್ರ ಯಾವ್ದು ಡಾಕ್ಟ್ರೇ? ನಮ್ಗೆ ಕನ್ನಡ ಮಾತ್ರ ಓದ್ಲಿಕ್ಕೆ ಬರುದು."

ಒಂದು ಬಿಳಿ ಕಾಗದದಲ್ಲಿ ಕನ್ನಡದ ಅಂಕಿಯಲ್ಲಿ ದೊಡ್ಡದಾಗಿ ಬರೆದು ಚೌಕಟ್ಟಿನ ಕೆಳಗೆ ಅಂಟಿಸಿದೆ. ಮಳೆಗಾಲದ ಥಂಡಿಗೆ ಒಂದು ಮೂಲೆ ಎದ್ದಿದೆ, ಈ ವಾರ ಹೊಸದು ಬರೆದು ಅಂಟಿಸಬೇಕು. ನಮಸ್ಕಾರ.